ಬಂಪರ್‌ಗೆ ಬಿದ್ದ ಪೆಟ್ಟು ಬೋನಸ್‌ಗೆ ಬೀಳದಿರಲಿ!

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ಮೆಲ್ಲನೆ ತಾಗುತ್ತದೆ. ಇಬ್ಬರೂ ಇಳಿಯುತ್ತಾರೆ. ಮೊದಲು ದೊಡ್ಡ ದನಿ, ಆಮೇಲೆ ಸುತ್ತ ನೆರೆದವರ ಪಂಚಾಯಿತಿ. ಹಿಂದಿನ ವಾಹನಗಳ ಹಾರ್ನ್ ಜೋರಾದಂತೆ ಇವರಿಬ್ಬರ ಸಿಟ್ಟು ಇಳಿಯತೊಡಗುತ್ತದೆ. 'ಇನ್ಶೂರೆನ್ಸ್ ಇದೆಯಲ್ಲ ಸಾರ್, ಮಾಡಿಸ್ಕೊಳ್ಳಿ' ಎನ್ನುತ್ತಾರೆ ತಾಗಿಸಿದವರು. 'ಇಷ್ಟಕ್ಕೆಲ್ಲ ಹೋದ್ರೆ ನನ್ನ ಬೋನಸ್ ಹೋಗುತ್ತೆ, ನೀವೇ ಏನಾದ್ರೂ ಕೊಡಿ' ಎನ್ನುತ್ತಾರೆ ತಾಗಿಸಿಕೊಂಡವರು. ಒಂದೆರಡು ನೋಟು ಕೈ ಬದಲಾಗುತ್ತವೆ, ಅಥವಾ ಬದಲಾಗುವುದೂ ಇಲ್ಲ. ಕಾರುಗಳು ಹೊರಡುತ್ತವೆ.

ನಮ್ಮ ಊರುಗಳಲ್ಲಿ ದಿನನಿತ್ಯ ಕಾಣುವ ಈ ದೃಶ್ಯದಲ್ಲಿ ಒಂದು ವಿಚಿತ್ರವಿದೆ. ವರ್ಷವರ್ಷವೂ ತಪ್ಪದೆ ಕಂತು ಕಟ್ಟಿದ ವ್ಯಕ್ತಿ, ಯಾವ ಅವಘಡಕ್ಕೆಂದು ಆ ಹಣ ಕಟ್ಟಿದ್ದನೋ ಅದೇ ಅವಘಡ ನಡೆದಾಗ ವಿಮಾ ಕಂಪೆನಿಗೆ ತಿಳಿಸಲು ಹಿಂದೇಟು ಹಾಕುತ್ತಾನೆ. ಮನೆಗೆ ಬಂದು ಕಾಗದ, ಪೆನ್ನು ಹಿಡಿದು ಕೂಡುತ್ತಾನೆ. ಗ್ಯಾರೇಜಿನವನು ಎಷ್ಟು ಹೇಳಬಹುದು, ಕಂಪೆನಿ ಎಷ್ಟು ಕೊಡಬಹುದು, ಮುಂದಿನ ವರ್ಷದ ಕಂತು ಎಷ್ಟು ಏರಬಹುದು? ಈ ಹಿಂದೇಟು ಅವನ ಸ್ವಭಾವದ ಜಿಪುಣತನವಲ್ಲ. ವಿಮೆಯ ವ್ಯವಸ್ಥೆಯೇ ಬಹಳ ಕಾಲದಿಂದ ಅವನಿಗೆ ಕಲಿಸಿಕೊಟ್ಟ ಲೆಕ್ಕ ಅದು.

ಮೂರನೆಯವರಿಗಾಗಿ ಬಂದ ಕಾನೂನು

ಮೋಟಾರು ವಿಮೆಯ ಹಿಂದಿನ ಮೂಲ ಕಾಳಜಿ ಕಾರಿನ ಮಾಲೀಕನ ಕುರಿತದ್ದಲ್ಲ, ಅವನ ಕಾರಿಗೆ ಸಿಕ್ಕಿಕೊಂಡವರ ಕುರಿತದ್ದು. ರಸ್ತೆಗಳಲ್ಲಿ ಮೋಟಾರುಗಳು ಹೆಚ್ಚಿದಂತೆ ಗಾಯಗೊಂಡ ಪಾದಚಾರಿಗಳೂ ಹೆಚ್ಚಿದರು. ನ್ಯಾಯಾಲಯ ಪರಿಹಾರ ಕೊಡಿಸಿದರೂ ಎಷ್ಟೋ ಸಲ ಕಾರಿನವನ ಬಳಿ ಕೊಡಲು ಹಣವಿರುತ್ತಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ ಈ ವಿಮೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯ ಮೂಲಕ ಅದೇ ದಾರಿ ಹಿಡಿಯಿತು.

ಭಾರತದಲ್ಲಿ 1939ರ ಮೋಟಾರು ವಾಹನ ಕಾಯ್ದೆಯ ಎಂಟನೇ ಅಧ್ಯಾಯ ಇದನ್ನೇ ಹೇಳಿತು. ಆದರೆ ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ನಡುವೆ ಎರಡನೇ ಮಹಾಯುದ್ಧ ಬಂದು ಹೋಗಿತ್ತು. ಅಂದಿನಿಂದ 'ಥರ್ಡ್ ಪಾರ್ಟಿ' ಎಂಬ ಮಾತು ನಮ್ಮ ಚಾಲಕರ ಬಾಯಲ್ಲಿ ಕನ್ನಡದ್ದೇ ಎಂಬಷ್ಟು ಸಲೀಸಾಗಿದೆ. ಒಂದನೆಯವನು ಮಾಲೀಕ, ಎರಡನೆಯವನು ಕಂಪೆನಿ, ಮೂರನೆಯವನು ಇವರಿಬ್ಬರ ಒಪ್ಪಂದದಲ್ಲಿ ಇಲ್ಲದೆಯೂ ಪೆಟ್ಟು ತಿಂದವನು.

ಕಾನೂನು ಕಡ್ಡಾಯ ಮಾಡಿದ್ದು ಇಷ್ಟನ್ನೇ. ಸ್ವಂತ ಕಾರಿನ ಬಾಗಿಲು ನುಗ್ಗಾದರೆ ಅದಕ್ಕೆ ಬೇರೆ ವಿಮೆ, ಬೇರೆ ಕಂತು. ಅದು ಮಾಲೀಕನ ಇಷ್ಟಕ್ಕೆ ಬಿಟ್ಟದ್ದು. ಎರಡನ್ನೂ ಸೇರಿಸಿದ್ದನ್ನೇ ಜನ 'ಫುಲ್ ಇನ್ಶೂರೆನ್ಸ್' ಎನ್ನುತ್ತಾರೆ. ಎಲ್ಲವೂ ತುಂಬಿ ಬರುತ್ತದೆ ಎಂಬ ಭ್ರಮೆಗೆ ಆ ಹೆಸರೂ ಒಂದು ಕಾರಣ. ಸಣ್ಣ ಅಪಘಾತದ ಲೆಕ್ಕಾಚಾರವೆಲ್ಲ ಈ ಸ್ವಂತ ಹಾನಿಯ ಭಾಗಕ್ಕೆ ಸೇರಿದ್ದು.

ಹಾಗಾದರೆ ತಪ್ಪು ಎದುರಿನವನದಾದಾಗ ಅವನ ಥರ್ಡ್ ಪಾರ್ಟಿ ವಿಮೆಯಿಂದಲೇ ಹಣ ಪಡೆಯಬಹುದಲ್ಲ? ಕಾಗದದ ಮೇಲೆ ಪಡೆಯಬಹುದು. ಹಳೆಯ ಕಾಯ್ದೆಯಲ್ಲಿ ಮೂರನೆಯವರ ಆಸ್ತಿಗಾದ ಹಾನಿಗೆ ಕಡ್ಡಾಯ ವಿಮೆಯ ಮಿತಿ 2,000 ರೂಪಾಯಿ ಇತ್ತು. 1982ರ ತಿದ್ದುಪಡಿ ಅದನ್ನು 6,000ಕ್ಕೆ ಏರಿಸಿತು. 1989ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯೂ ಅದೇ 6,000ವನ್ನು ಉಳಿಸಿಕೊಂಡಿತು. ಕಾರುಗಳಿಗೆ ಏಳೂವರೆ ಲಕ್ಷದವರೆಗೆ ರಕ್ಷಣೆ ಕೊಡುವ ಏರ್ಪಾಡು ಮುಂದೆ ದರಪಟ್ಟಿಯಲ್ಲಿ ಬಂತು, ನಿಜ. ಆದರೆ ಹಣ ಕೇಳಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ವಕೀಲರು, ವಾಯಿದೆ, ಸಾಕ್ಷಿ! ಗೀಚಿದ ಬಾಗಿಲಿಗಾಗಿ ಆ ಮೆಟ್ಟಿಲು ಹತ್ತುವವರು ಯಾರು? ಹೀಗೆ ತಪ್ಪು ಯಾರದಾದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪೆನಿಯ ಬಾಗಿಲನ್ನೇ ತಟ್ಟುವುದು ರೂಢಿಯಾಯಿತು.

ಬೋನಸ್ ಎಂಬ ಹಸಿವು

ಕ್ಲೇಮು ಮಾಡದವರಿಗೆ ಮುಂದಿನ ವರ್ಷ ಕಂತಿನಲ್ಲಿ ಸೋಡಿ ಕೊಡುವ ಪದ್ಧತಿ ಮೋಟಾರು ವಿಮೆಯಷ್ಟೇ ಹಳೆಯದು ಎನ್ನಬಹುದು. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲೇ ಬ್ರಿಟನ್ನಿನ ಕಂಪೆನಿಗಳು ಅದನ್ನು ಕೊಡತೊಡಗಿದ್ದವು. ಎಚ್ಚರದ ಚಾಲಕನಿಗೆ ಬಹುಮಾನ ಎಂಬ ಮಾತು ಕೇಳಲು ಚೆನ್ನ. ಆದರೆ ಅದರ ಆರಂಭದ ಉದ್ದೇಶ ಇಷ್ಟು ಉದಾತ್ತವಾಗಿರಲಿಲ್ಲ. ಗಿರಾಕಿ ಮುಂದಿನ ವರ್ಷ ಇನ್ನೊಂದು ಕಂಪೆನಿಗೆ ಹಾರದೆ ನಮ್ಮಲ್ಲೇ ನವೀಕರಿಸಲಿ ಎಂಬ ವ್ಯಾಪಾರದ ಬುದ್ಧಿ ಅದರ ಹಿಂದಿತ್ತು.

ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಕಾರುಗಳು ಮನೆಮನೆಗೆ ಬಂದವು. ಜೊತೆಗೆ ವಿಮಾ ಗಣಿತಜ್ಞರಿಗೂ ಕೆಲಸ ಬಂತು. ಅಪಾಯ ಹೆಚ್ಚಿರುವ ಚಾಲಕ ಯಾರು, ಕಡಿಮೆ ಇರುವವನು ಯಾರು ಎಂಬುದನ್ನು ಮೊದಲೇ ತಿಳಿಯುವ ದಾರಿ ಇರಲಿಲ್ಲ. ಆದ್ದರಿಂದ ಅವನ ಕ್ಲೇಮುಗಳ ಚರಿತ್ರೆಯಿಂದಲೇ ಅವನನ್ನು ಅಳೆಯುವುದು ಎಂದಾಯಿತು. ಸಾಮಾನ್ಯ ವಿಮೆಯ ಗಣಿತಜ್ಞರ 'ಆಸ್ಟಿನ್' ಎಂಬ ಅಂತರರಾಷ್ಟ್ರೀಯ ಕೂಟ 1957ರಲ್ಲಿ ಹುಟ್ಟಿತು. 1959ರಲ್ಲಿ ಫ್ರಾನ್ಸಿನ ಲಾ ಬೋಲ್ ಎಂಬ ಕಡಲ ತೀರದ ಊರಿನಲ್ಲಿ ಸೇರಿದ ಅದರ ಮೊದಲ ಗೋಷ್ಠಿಯ ಚರ್ಚೆಯ ವಿಷಯವೇ ಈ ಬೋನಸ್. ಒಂದು ಶಾಸ್ತ್ರದ ಪಂಡಿತರು ಮೊದಲ ಬಾರಿ ಒಟ್ಟಿಗೆ ಕುಳಿತಾಗ ಮಾತಾಡಿದ್ದು ಇದರ ಬಗ್ಗೆ ಎಂದರೆ ಅದರ ತೊಡಕನ್ನು ಊಹಿಸಬಹುದು.

ತೊಡಕು ಇಷ್ಟೇ. ಸೋಡಿಯ ಆಸೆ ಹುಟ್ಟಿಸಿದೊಡನೆ ಚಾಲಕರು ಎಚ್ಚರದಿಂದ ಓಡಿಸತೊಡಗುತ್ತಾರೋ ಇಲ್ಲವೋ, ಸಣ್ಣ ಅಪಘಾತಗಳನ್ನು ಮುಚ್ಚಿಡುವುದಂತೂ ಖಂಡಿತ. ಕಂಪೆನಿಯ ಕಡತದಲ್ಲಿ ಅಪಘಾತ ಕಡಿಮೆಯಾಗುತ್ತದೆ, ರಸ್ತೆಯಲ್ಲಿ ಅಲ್ಲ. ಈ ನಡವಳಿಕೆಗೆ 1960ರ ಹೊತ್ತಿಗೇ 'ಬೋನಸ್ ಹಸಿವು' ಎಂಬ ಹೆಸರು ಬಿದ್ದಿತ್ತು. ಬೆಲ್ಜಿಯಂನ ಗಣಿತಜ್ಞ ಝಾನ್ ಲೆಮೇರ್ 1977ರಲ್ಲಿ ಇದೇ ಸಮಸ್ಯೆಯ ಮೇಲೆ ಫ್ರೆಂಚ್ ಭಾಷೆಯಲ್ಲಿ ಬರೆದ ಪ್ರಬಂಧಕ್ಕೆ 'ಬೋನಸ್ ದಾಹ' ಎಂದು ಹೆಸರಿಟ್ಟರು. ಎಷ್ಟು ರೂಪಾಯಿಯವರೆಗಿನ ನಷ್ಟವನ್ನು ಚಾಲಕ ತಾನೇ ನುಂಗಿಕೊಳ್ಳುವುದು ಜಾಣತನ, ಎಷ್ಟು ದಾಟಿದರೆ ಕಂಪೆನಿಗೆ ಹೇಳಬೇಕು ಎಂಬುದನ್ನು ಸಮೀಕರಣಗಳಿಂದ ಕಂಡುಹಿಡಿಯುವ ಪ್ರಯತ್ನ ಅದು. ಜಯನಗರದ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕಾರಿನ ಮಾಲೀಕ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡುವ ಲೆಕ್ಕವೂ ಅದೇ.

ಎಲ್ಲ ದೇಶಗಳೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಫ್ರಾನ್ಸ್ 1976ರಲ್ಲಿ ಇಡೀ ದೇಶಕ್ಕೆ ಒಂದೇ ನಿಯಮ ತಂದಿತು. ಅಪಘಾತವಿಲ್ಲದ ಪ್ರತಿ ವರ್ಷಕ್ಕೆ ಕಂತಿನಲ್ಲಿ ಶೇ 5 ಇಳಿಕೆ, ತಪ್ಪೆಸಗಿದ ಪ್ರತಿ ಅಪಘಾತಕ್ಕೆ ಶೇ 25 ಏರಿಕೆ. ಅಲ್ಲಿ 'ತಪ್ಪು ಯಾರದು' ಎಂಬ ಪ್ರಶ್ನೆಗೆ ಬೆಲೆ ಇದೆ. ತಪ್ಪಿಲ್ಲದವನ ಲೆಕ್ಕ ಕೆಡುವುದಿಲ್ಲ. ಜರ್ಮನಿಯಲ್ಲಿ ಇನ್ನೊಂದು ಸೊಗಸಾದ ಏರ್ಪಾಡು. ಕಂಪೆನಿ ಪರಿಹಾರ ಕೊಟ್ಟ ಮೇಲೂ, 'ಇದರಿಂದ ನನಗೆ ನಷ್ಟವೇ ಹೆಚ್ಚು' ಎನಿಸಿದರೆ ಗೊತ್ತಾದ ಅವಧಿಯೊಳಗೆ ಆ ಹಣವನ್ನು ಕಂಪೆನಿಗೆ ಹಿಂದಿರುಗಿಸಿ ತನ್ನ ಸೋಡಿಯನ್ನು ಉಳಿಸಿಕೊಳ್ಳಬಹುದು. ಮಾರಿದ ಹಸುವನ್ನು ಮತ್ತೆ ಕೊಂಡು ತಂದ ಹಾಗೆ!

ನಮ್ಮ ಮೆಟ್ಟಿಲು

ಭಾರತದಲ್ಲಿ ವಿಮೆಯ ದರವನ್ನು ಕಂಪೆನಿಗಳು ತಮ್ಮಿಷ್ಟದಂತೆ ಇಡುವಂತಿರಲಿಲ್ಲ. 1968ರ ತಿದ್ದುಪಡಿಯಿಂದ ರೂಪುಗೊಂಡ ದರ ಸಲಹಾ ಸಮಿತಿ ಹಾಕಿಕೊಟ್ಟ ಪಟ್ಟಿಯೇ ಎಲ್ಲರಿಗೂ ಶಾಸನ. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡು, 107 ಕಂಪೆನಿಗಳು ನಾಲ್ಕರಲ್ಲಿ ಸೇರಿಹೋದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ದರ ಒಂದೇ, ಬೋನಸ್ ಒಂದೇ. ಗಿರಾಕಿಗೆ ಆಯ್ಕೆಯೆಂದರೆ ಮನೆಗೆ ಹತ್ತಿರದ ಶಾಖೆ ಯಾವುದು ಎಂಬುದಷ್ಟೆ. (ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ನೌಕರರ ಜೀವವಿಮೆಗಾಗಿ ಹುಟ್ಟಿದ ಸರ್ಕಾರಿ ವಿಮಾ ಇಲಾಖೆ ಇಂದಿಗೂ ಇದೆ. ಸರ್ಕಾರಿ ವಾಹನಗಳ ವಿಮೆಗೆ ಅದರದ್ದೇ ಮೋಟಾರು ಶಾಖೆ ಉಂಟು. ಆ ಜೀಪುಗಳ ಚಾಲಕರಿಗೆ ಬೋನಸ್‌ನ ಚಿಂತೆ ಇಲ್ಲ.)

2002ರ ಜುಲೈ 1ರಿಂದ ಜಾರಿಗೆ ಬಂದ ಭಾರತ ಮೋಟಾರು ದರಪಟ್ಟಿ ಇಂದಿಗೂ ಎಲ್ಲರೂ ಹತ್ತಿಳಿಯುವ ಮೆಟ್ಟಿಲನ್ನು ಕಟ್ಟಿತು. ಕ್ಲೇಮು ಇಲ್ಲದ ಒಂದು ವರ್ಷಕ್ಕೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ತುದಿ. ಹತ್ತುವಾಗ ಒಂದೊಂದೇ ಮೆಟ್ಟಿಲು, ಇಳಿಯುವಾಗ ಮಾತ್ರ ಒಂದೇ ಜಾರು. ಒಂದು ಕ್ಲೇಮು ಮಾಡಿದರೆ ಐವತ್ತರಲ್ಲಿದ್ದವನೂ ಸೊನ್ನೆಗೆ ಬರುತ್ತಾನೆ, ಇಪ್ಪತ್ತರಲ್ಲಿದ್ದವನೂ ಸೊನ್ನೆಗೆ ಬರುತ್ತಾನೆ. ಕ್ಲೇಮು ಐದು ಸಾವಿರದ್ದೋ ಐದು ಲಕ್ಷದ್ದೋ ಎಂಬ ಭೇದವಿಲ್ಲ. ತಪ್ಪು ಯಾರದೆಂದೂ ಕೇಳುವುದಿಲ್ಲ. ನಿಂತ ಕಾರಿಗೆ ಹಿಂದಿನಿಂದ ಗುದ್ದಿಸಿಕೊಂಡವನಿಗೆ ಇದು ಅನ್ಯಾಯವೆಂದು ತೋರಿದರೆ ಆಶ್ಚರ್ಯವಿಲ್ಲ, ಅನ್ಯಾಯವೇ ಸರಿ.

ಈ ಸೋಡಿ ಕಾರಿನದ್ದಲ್ಲ, ಮಾಲೀಕನದ್ದು. ಕಾರು ಮಾರಿದರೆ ಅದು ಹೊಸಬನಿಗೆ ಹೋಗುವುದಿಲ್ಲ. ಹಳೆಯ ಮಾಲೀಕ ತನ್ನ ಮುಂದಿನ ಕಾರಿಗೆ ಒಯ್ಯಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ನೀರಿನಲ್ಲಿ ಹೋಮ.

2007ರ ಜನವರಿ 1ರಿಂದ ಸ್ವಂತ ಹಾನಿಯ ದರ ನಿಗದಿಯಲ್ಲಿ ಕಂಪೆನಿಗಳಿಗೆ ಸ್ವಾತಂತ್ರ್ಯ ಬಂತು. ಆದರೂ ಬೋನಸ್‌ನ ಮೆಟ್ಟಿಲು ಹಾಗೇ ಉಳಿಯಿತು. ಮುಂದೆ, ಬೋನಸ್ಸನ್ನು ಕಾಪಾಡಲು ಬೇರೆಯೇ ಹಣ ಕಟ್ಟಿಸಿಕೊಳ್ಳುವ ರಕ್ಷಣೆಗಳೂ ಮಾರಾಟಕ್ಕೆ ಬಂದವು. ವಿಮೆ ಬಳಸಿದರೆ ಆಗುವ ನಷ್ಟಕ್ಕೇ ಇನ್ನೊಂದು ವಿಮೆ!

ಕಾಗದ-ಪೆನ್ನಿನ ಲೆಕ್ಕ

ಉದಾಹರಣೆಗೆ ಒಂದು ಕಾರಿನ ಸ್ವಂತ ಹಾನಿಯ ಕಂತು, ಸೋಡಿಗೆ ಮೊದಲು, ವರ್ಷಕ್ಕೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆಯನ್ನೂ, ಕಾರು ಹಳತಾದಂತೆ ಕಂತು ಇಳಿಯುವುದನ್ನೂ ಬದಿಗಿಡೋಣ. ಶೇ 50 ಬೋನಸ್ ಇರುವವರು ಕಟ್ಟುವುದು 5,000. ಒಂದು ಕ್ಲೇಮು ಮಾಡಿದರೆ ಮುಂದಿನ ವರ್ಷ ಪೂರ್ತಿ 10,000. ಆಮೇಲೆ ಮತ್ತೆ ಮೆಟ್ಟಿಲೇರುತ್ತ 8,000, 7,500, 6,500, 5,500. ಆರನೇ ವರ್ಷ ಮತ್ತೆ 5,000. ಹೆಚ್ಚಾಗಿ ತೆತ್ತದ್ದನ್ನು ಕೂಡಿದರೆ 5,000, 3,000, 2,500, 1,500, 500: ಒಟ್ಟು 12,500 ರೂಪಾಯಿ. ಆ ಒಂದು ಕ್ಲೇಮಿನ ನಿಜವಾದ ಬೆಲೆ ಇದು.

ಹೊಸ ಕಾರು ಕೊಂಡು ಮೊದಲ ವರ್ಷದಲ್ಲೇ ಗುದ್ದಿಸಿಕೊಂಡವರಿಗೆ ಇದೇ ಲೆಕ್ಕ ಬೇರೆ. ಅವರು ಕಳೆದುಕೊಳ್ಳಲು ಇನ್ನೂ ಏನನ್ನೂ ಕೂಡಿಟ್ಟಿಲ್ಲ. ಮೆಟ್ಟಿಲು ಹತ್ತುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೆ. ಅದರ ಬೆಲೆ, ಇದೇ ಅಂಕಿಗಳಲ್ಲಿ, 5,000 ರೂಪಾಯಿ. ಎಚ್ಚರದಿಂದ ಹೆಚ್ಚು ವರ್ಷ ಓಡಿಸಿದವನಿಗೇ ವಿಮೆ ಬಳಸುವುದು ಹೆಚ್ಚು ದುಬಾರಿ ಎಂಬುದು ಇದರ ತಮಾಷೆ.

ಇನ್ನು ಬರುವ ಹಣ ಎಷ್ಟು? ಗ್ಯಾರೇಜಿನ ಬಿಲ್ಲು ಹತ್ತು ಸಾವಿರವಾದರೆ ಕೈಗೆ ಹತ್ತು ಸಾವಿರ ಬರುವುದಿಲ್ಲ. ದರಪಟ್ಟಿಯ ಸವಕಳಿ ನಿಯಮದಂತೆ ರಬ್ಬರು, ನೈಲಾನು, ಪ್ಲಾಸ್ಟಿಕ್ಕಿನ ಬಿಡಿಭಾಗಗಳಿಗೆ ಅರ್ಧ ಬೆಲೆ ಮಾತ್ರ. ಫೈಬರ್ ಗ್ಲಾಸಿಗೆ ಶೇ 30 ಕಡಿತ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡಿ ಕಡಿತ. ಆರು ತಿಂಗಳವರೆಗೆ ಏನಿಲ್ಲ, ಹತ್ತು ವರ್ಷ ದಾಟಿದರೆ ಅರ್ಧ. ಗಾಜಿಗೆ ಮಾತ್ರ ಕಡಿತವಿಲ್ಲ. ಬಣ್ಣದ ಒಟ್ಟು ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿಯ ಬೆಲೆಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಇವೆಲ್ಲದರ ಮೇಲೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹೊರಬೇಕಾದ ಕಡ್ಡಾಯ ಪಾಲೊಂದಿದೆ. 1,500 ಸಿಸಿವರೆಗಿನ ಕಾರಿಗೆ ಅದು ಸಾಮಾನ್ಯವಾಗಿ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000.

ಪ್ಲಾಸ್ಟಿಕ್ ಬಂಪರ್‌ಗೆ 6,000, ಬಣ್ಣಕ್ಕೆ 4,000 ಆಯಿತೆನ್ನಿ. ಬಂಪರ್‌ಗೆ ಸಿಗುವುದು 3,000, ಬಣ್ಣಕ್ಕೆ 3,500. ಒಟ್ಟು 6,500ರಲ್ಲಿ ಸಾವಿರ ಕಳೆದರೆ 5,500. ಶೇ 50 ಬೋನಸ್ ಇದ್ದ ಮಾಲೀಕ 5,500 ಪಡೆಯಲು 12,500 ಬಿಟ್ಟುಕೊಡಬೇಕು. ಸವಕಳಿ ಕಳೆಯದ 'ಜೀರೋ ಡೆಪ್' ರಕ್ಷಣೆ ಇದ್ದರೆ 9,000 ಬಂದೀತು, ಆಗಲೂ ನಷ್ಟವೇ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಆಗಿನ ಬಂಪರ್ ಲೋಹದ್ದು. ನುಗ್ಗಾದರೆ ಟಿಂಕರ್ ಮೇಸ್ತ್ರಿ ಬಿಚ್ಚಿ, ಸುತ್ತಿಗೆಯಲ್ಲಿ ಬಡಿದು ನೇರ ಮಾಡಿ ಕೊಡುತ್ತಿದ್ದ. ಈಗಿನದು ಬಣ್ಣ ಬಳಿದ ಪ್ಲಾಸ್ಟಿಕ್. ಎಷ್ಟೋ ಕಾರುಗಳಲ್ಲಿ ಅದರ ಮೈಯಲ್ಲೇ ಸೆನ್ಸರುಗಳೂ ಕೂತಿರುತ್ತವೆ. ಒಡೆದರೆ ಬಡಿಯುವ ಮಾತಿಲ್ಲ, ಬದಲಾಯಿಸುವುದೇ. ಸಣ್ಣ ಪೆಟ್ಟನ್ನು ತಾನು ತಿಂದು ಕಾರನ್ನು ಉಳಿಸಲೆಂದು ಹುಟ್ಟಿದ ಬಂಪರ್, ಈಗ ಸಣ್ಣ ಪೆಟ್ಟಿನ ದೊಡ್ಡ ಖರ್ಚಾಗಿದೆ.

ಹೇಳುವುದು ಬೇರೆ, ಕೇಳುವುದು ಬೇರೆ

ಇಷ್ಟು ಲೆಕ್ಕ ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು ಎನಿಸಬಹುದು. ಅಲ್ಲೇ ಅಪಾಯವಿರುವುದು. ಏಕೆಂದರೆ ಅಪಘಾತವನ್ನು ಕಂಪೆನಿಗೆ ತಿಳಿಸುವುದೂ ಹಣ ಕೇಳುವುದೂ ಒಂದೇ ಅಲ್ಲ. ದರಪಟ್ಟಿ ಬೋನಸ್ ಕಳೆಯುವುದು ಕ್ಲೇಮು ಮಾಡಿದ್ದಕ್ಕೆ ಅಥವಾ ಅದು ಬಾಕಿ ಇರುವುದಕ್ಕೆ. ಬರೀ ಸುದ್ದಿ ಮುಟ್ಟಿಸಿದ್ದಕ್ಕಲ್ಲ.

ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಯಾರಿಗಾದರೂ ಗಾಯವಾದರೆ ಅಥವಾ ಇನ್ನೊಬ್ಬರ ಸ್ವತ್ತಿಗೆ ಹಾನಿಯಾದರೆ, ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಹೊಣೆ. 1994ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು: ಪಾಲಿಸಿ ಸಂಖ್ಯೆ, ಅಪಘಾತದ ದಿನ, ವೇಳೆ, ಸ್ಥಳ, ಗಾಯಗೊಂಡವರ ವಿವರ, ಚಾಲಕನ ಲೈಸೆನ್ಸಿನ ವಿವರಗಳನ್ನು ವಿಮಾ ಕಂಪೆನಿಗೆ ಬರಹದಲ್ಲಿ ಕೊಡಬೇಕು. ಗೀಚಿದ ಬಂಪರ್‌ಗಾಗಿ ಇದನ್ನು ಪಾಲಿಸುವವರು ಕಾಣಸಿಗುವುದಿಲ್ಲ. ಆದರೆ ಬಂಪರ್‌ನ ಜೊತೆ ಸ್ಕೂಟರಿನವನೊಬ್ಬ ಬಿದ್ದಿದ್ದರೆ?

ಬಿದ್ದವನು ಧೂಳು ಕೊಡವಿಕೊಂಡು ಎದ್ದು, 'ಏನಾಗಿಲ್ಲ ಬಿಡಿ ಸಾರ್' ಎಂದು ಹೋಗಬಹುದು. ಮೊಣಕಾಲಿನ ನೋವು ಮರುದಿನ ಬೆಳಿಗ್ಗೆ ತಿಳಿದೀತು. ಕ್ಲೇಮು ಹೂಡಲು ಇದ್ದ ಕಾಲಮಿತಿಯನ್ನೇ 1994ರ ತಿದ್ದುಪಡಿ ತೆಗೆದುಹಾಕಿತ್ತು. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. ಅದು 2022ರ ಏಪ್ರಿಲ್‌ನಿಂದ ಜಾರಿಗೆ ಬಂತು. ಹಾಗಾಗಿ ಮಾಲೀಕ ಮರೆತೇ ಬಿಟ್ಟಿದ್ದ ಸಂಜೆಯೊಂದರ ನೋಟಿಸು ತಿಂಗಳುಗಳ ಮೇಲೆ ಮನೆ ಬಾಗಿಲಿಗೆ ಬರಬಹುದು. ಆ ಘಟನೆಯ ಬಗ್ಗೆ ವಿಮಾ ಕಂಪೆನಿಗೆ ಅದೇ ಮೊದಲ ಸುದ್ದಿಯಾದರೆ ಮಾಲೀಕನ ಮಾತಿಗೆ ಬಲ ಎಲ್ಲಿಂದ ಬರಬೇಕು? ಥರ್ಡ್ ಪಾರ್ಟಿ ವಿಮೆ ಇರುವುದೇ ಇದಕ್ಕೆ. ಬೋನಸ್‌ನ ಮೆಟ್ಟಿಲು ಸ್ವಂತ ಹಾನಿಯ ಕಂತಿಗೆ ಸೇರಿದ್ದು, ಗಾಯಾಳುವಿನ ವಿಷಯಕ್ಕೆ ಅದನ್ನು ಎಳೆದು ತಂದು ಹೆದರಬೇಕಿಲ್ಲ.

ರಸ್ತೆ ಬದಿಯ ರಾಜಿಗೂ ಪಾಲಿಸಿಯಲ್ಲಿ ಒಂದು ತಡೆ ಇದೆ. ಕಂಪೆನಿಯ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕ ತಪ್ಪೊಪ್ಪಿಕೊಳ್ಳುವಂತಿಲ್ಲ, ಹಣ ಕೊಡುವ ಭರವಸೆಯನ್ನೂ ನೀಡುವಂತಿಲ್ಲ. ಪಾಲಿಸಿ ಕಾಗದದ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಇದು ಅಚ್ಚಾಗಿರುತ್ತದೆ. 'ನನ್ನದೇ ತಪ್ಪು, ಖರ್ಚು ನಾನೇ ಕೊಡ್ತೀನಿ' ಎಂದು ಚೀಟಿ ಬರೆದುಕೊಟ್ಟ ಸಜ್ಜನ ಆಮೇಲೆ ಕಂಪೆನಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕ್ಲೇಮು ಮಾಡಿದ ಮೇಲೆ, ಮುಂದಿನ ವರ್ಷ ಬೇರೆ ಕಂಪೆನಿಗೆ ಹೋಗಿ 'ನನ್ನದು ಕ್ಲೇಮಿಲ್ಲದ ವರ್ಷ' ಎಂದು ಬರೆದುಕೊಟ್ಟು ಬೋನಸ್ ಪಡೆಯುವುದು. ಆ ಘೋಷಣೆ ಸುಳ್ಳೆಂದು ತಿಳಿದರೆ ಸ್ವಂತ ಹಾನಿಯ ವಿಭಾಗದ ಪ್ರಯೋಜನಗಳೆಲ್ಲ ರದ್ದು ಎಂದು ಘೋಷಣೆಯ ಒಕ್ಕಣೆಯಲ್ಲೇ ಇರುತ್ತದೆ. ಎರಡು ಸಾವಿರದ ಸೋಡಿಗೆ ಆಸೆಪಟ್ಟವನ ಕಾರು ಮುಂದೊಂದು ದಿನ ಪೂರ್ತಿ ಜಖಂ ಆದಾಗ, ಕಡತ ತೆಗೆದ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದು ಆ ಸಹಿ.

ದರಪಟ್ಟಿಯ ಮೂಲೆಯೊಂದರಲ್ಲಿ ಇನ್ನೂ ಒಂದು ಸಾಲಿದೆ. 2002ಕ್ಕೆ ಮೊದಲಿನ ಪಟ್ಟಿಯಲ್ಲಿ ಬೋನಸ್ ಐವತ್ತಕ್ಕೆ ನಿಲ್ಲುತ್ತಿರಲಿಲ್ಲ. ಶೇ 55 ಮತ್ತು 65ರ ಮೆಟ್ಟಿಲುಗಳಿದ್ದವು. ಹೊಸ ಪಟ್ಟಿ ಅವನ್ನು ತೆಗೆದುಹಾಕಿತು. ಆದರೆ 2003ರ ಜೂನ್ 30ರೊಳಗಿನ ನವೀಕರಣದಲ್ಲಿ ಆ ಮೆಟ್ಟಿಲಿಗೆ ಅರ್ಹರಾದವರಿಗೆ, ಕ್ಲೇಮು ಮಾಡುವವರೆಗೂ ಅದು ಉಳಿಯುತ್ತದೆ ಎಂದು ಮಾತು ಕೊಟ್ಟಿತು. ಅಂಥವರು ಹತ್ತು ಸಾವಿರದ ಕಂತಿಗೆ ಕಟ್ಟಬೇಕಾದದ್ದು ಮೂರೂವರೆ ಸಾವಿರ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪಾಲಿಸಿಯನ್ನು ಒಮ್ಮೆಯೂ ತಪ್ಪಿಸದೆ, ಒಂದು ಕ್ಲೇಮನ್ನೂ ಮಾಡದೆ ಆ ಶೇ 65ನ್ನು ಜತನವಾಗಿ ಇಟ್ಟುಕೊಂಡಿರುವ ಹಿರಿಯರು ಎಲ್ಲಾದರೂ ಇದ್ದರೆ, ಅವರ ಕಾರಿಗೆ ನಾಳೆ ಯಾರೋ ಹಿಂದಿನಿಂದ ಮೆಲ್ಲನೆ ತಾಗಿಸಿದರೂ ಅವರು ಗ್ಯಾರೇಜಿನವನಿಗೆ ಜೇಬಿನಿಂದಲೇ ಹಣ ಎಣಿಸಿ ಕೊಟ್ಟಾರು. ಒಮ್ಮೆ ಇಳಿದರೆ ಮತ್ತೆ ಹತ್ತಿ ನಿಲ್ಲಲು ಆ ಮೆಟ್ಟಿಲು ಈಗಿನ ಪಟ್ಟಿಯಲ್ಲಿ ಇಲ್ಲ.